ನಮ್ಮ ಸೀಮೆಯ ಸಂಗೀತ ಸಂಶೋಧನೆ: ವಿದ್ಯಾರಣ್ಯರಿಂದ ದರೋಜಿಯವರೆಗೆ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ಈಚಿನ ವರ್ಷಗಳಲ್ಲಿ ಸಂಗೀತದಲ್ಲಿ ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗಿದ್ದಾರೆ. ಅವರಲ್ಲೊಬ್ಬಳು ಪತ್ರ ಬರೆದು ಕೇಳಿದ್ದ ಪ್ರಶ್ನೆ ನನ್ನನ್ನು ಹಲವು ದಿನ ಯೋಚನೆಗೆ ಹಚ್ಚಿತು. "ಸಾರ್, ಹಾಡುವುದಕ್ಕೆ ಸಾಧನೆ ಬೇಕು, ಒಪ್ಪುತ್ತೇನೆ. ಆದರೆ ಸಂಗೀತಕ್ಕೆ ವಿಮರ್ಶಾತ್ಮಕ ಚಿಂತನೆ ಏಕೆ? ಗುರುಗಳು ಹೇಳಿದ್ದನ್ನು ಪ್ರಶ್ನಿಸುವುದು ಶ್ರದ್ಧೆಗೆ ಕುಂದಲ್ಲವೆ?" ಎಂದು ಆಕೆ ಕೇಳಿದ್ದಳು. ನಾನು ಸಂಗೀತಗಾರನಲ್ಲ, ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಚರಿತ್ರೆಯನ್ನೂ ಕಲಿಸಿ ನಿವೃತ್ತನಾದವನು. ಆದರೂ ಹೊಸಪೇಟೆಯ ನೀರು ಕುಡಿದು ಬದುಕಿದವನಾದ್ದರಿಂದ ಈ ಪ್ರಶ್ನೆಗೆ ಉತ್ತರ ನಮ್ಮ ನೆಲದಲ್ಲಿಯೇ ಇದೆ ಎಂಬುದನ್ನು ಬಲ್ಲೆ. ಆಕೆಗೆ ಬರೆದ ಉತ್ತರವನ್ನೇ ವಿಸ್ತರಿಸಿ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಂಗೀತ ಕಲಿಯುವುದು ಬೇರೆ, ಸಂಗೀತವನ್ನು ಕುರಿತು ಸಂಶೋಧಿಸುವುದು ಬೇರೆ. ಕಲಿಯುವವನು ಗುರುವಿನ ಕಂಠವನ್ನು ಅನುಸರಿಸುತ್ತಾನೆ. ಅಲ್ಲಿ ಅನುಸರಣೆಯೇ ವಿದ್ಯೆಯ ಬಾಗಿಲು. ಸಂಶೋಧಿಸುವವನಾದರೋ ಒಂದು ಹೇಳಿಕೆಯನ್ನು ಕೈಗೆತ್ತಿಕೊಂಡು, "ಇದನ್ನು ಯಾರು ಹೇಳಿದರು, ಯಾವಾಗ ಹೇಳಿದರು, ಏನನ್ನು ಕಂಡು ಅಥವಾ ಕೇಳಿ ಹೇಳಿದರು" ಎಂದು ವಿಚಾರಿಸುತ್ತಾನೆ. ಸ್ನಾತಕೋತ್ತರ ಹಂತಕ್ಕೆ ಬಂದ ವಿದ್ಯಾರ್ಥಿಯು ಒಂದೇ ದೇಹದಲ್ಲಿ ಈ ಇಬ್ಬರನ್ನೂ ಹೊತ್ತು ತಿರುಗಬೇಕಾಗುತ್ತದೆ. ಕಷ್ಟವಿರುವುದು ಇಲ್ಲಿಯೇ.

ಕನ್ನಡ ವಿಶ್ವವಿದ್ಯಾಲಯವು 1991ರಲ್ಲಿ ಸ್ಥಾಪನೆಯಾಗಿ, ಡಾ. ಚಂದ್ರಶೇಖರ ಕಂಬಾರರು ಅದರ ಮೊದಲ ಕುಲಪತಿಗಳಾದಾಗ ನಮ್ಮ ಊರಿನಲ್ಲಿ ಉಂಟಾದ ಸಂತೋಷ ನಿಮ್ಮಲ್ಲಿ ಹಿರಿಯರಿಗೆ ನೆನಪಿದ್ದೀತು. ಕಮಲಾಪುರದ ಬಳಿಯ ಆ ಆವರಣಕ್ಕೆ 'ವಿದ್ಯಾರಣ್ಯ' ಎಂಬ ಹೆಸರಿಟ್ಟರು. ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ಸಂಶೋಧನೆಗೆಂದೇ ಹುಟ್ಟಿದ ವಿಶ್ವವಿದ್ಯಾಲಯ ಅದು. ಭಾಷೆ, ಸಮಾಜವಿಜ್ಞಾನ, ಲಲಿತಕಲೆ ಎಂಬ ಅದರ ಮೂರು ನಿಕಾಯಗಳಲ್ಲಿ ಕೊನೆಯದರಲ್ಲಿ ಸಂಗೀತಕ್ಕೂ ಸ್ಥಾನ ದೊರೆಯಿತು. ಆ ಮೇಲೆ ನಿಯಮಗಳು ಎಷ್ಟೋ ಬದಲಾಗಿವೆ. ಯುಜಿಸಿಯು 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಪಿಎಚ್.ಡಿ.ಗೆ ಸೇರಿದವರು ಸಂಶೋಧನ ವಿಧಾನವನ್ನೂ ಸಂಶೋಧನ ನೀತಿಯನ್ನೂ ತರಗತಿಯಲ್ಲಿ ಕುಳಿತು ಕಲಿಯಬೇಕಾಗಿದೆ. ಇದನ್ನು ಪಶ್ಚಿಮದಿಂದ ತಂದು ಹೇರಿದ ಹೊರೆಯೆಂದು ಗೊಣಗುವವರನ್ನು ಕಂಡಿದ್ದೇನೆ. ಆದರೆ ಅದೇ ನೆಲದಲ್ಲಿ ಆರುನೂರು ವರ್ಷಗಳ ಹಿಂದೆ ನಡೆದ ವಿದ್ಯಾವ್ಯವಸಾಯವನ್ನು ನೋಡಿದರೆ ಹೊರೆ ಎನ್ನುವ ಮಾತು ಸಡಿಲವಾಗುತ್ತದೆ.

ಆವರಣಕ್ಕೆ ಹೆಸರು ಕೊಟ್ಟ ವಿದ್ಯಾರಣ್ಯರಿಂದಲೇ ಆರಂಭಿಸೋಣ. 'ಸಂಗೀತಸಾರ' ಎಂಬ ಗ್ರಂಥವನ್ನು ಅವರು ರಚಿಸಿದರೆಂದು ಪ್ರತೀತಿ. ಆ ಗ್ರಂಥ ಇಂದು ದೊರೆಯುವುದಿಲ್ಲ. ಹಾಗಾದರೆ ಅದರ ವಿಷಯ ನಮಗೆ ತಿಳಿದದ್ದು ಹೇಗೆ? ಹದಿನೇಳನೆಯ ಶತಮಾನದ ಆರಂಭದಲ್ಲಿ ತಂಜಾವೂರಿನಲ್ಲಿ ಗೋವಿಂದ ದೀಕ್ಷಿತರ 'ಸಂಗೀತಸುಧಾ' ರಚಿತವಾಯಿತು. ಅದರಲ್ಲಿ ವಿದ್ಯಾರಣ್ಯರ ಮತವೆಂದು 15 ಮೇಳಗಳನ್ನೂ 50 ರಾಗಗಳನ್ನೂ ಹೇಳಿದೆ. ಹೀಗೆ ನಮ್ಮ ಕೈಯಲ್ಲಿರುವುದು ಎರಡು ಶತಮಾನಗಳಿಗೂ ಮಿಗಿಲಾದ ಅಂತರದಲ್ಲಿ ಕೇಳಿಬಂದ ಪ್ರತಿಧ್ವನಿ. ಪಾಠ ಹೇಳುವಾಗ "ವಿದ್ಯಾರಣ್ಯರು 15 ಮೇಳಗಳನ್ನು ಹೇಳಿದರು" ಎಂದುಬಿಟ್ಟರೆ ನಡೆದೀತು. ಸಂಶೋಧಕನು ಮಾತ್ರ "ಹೇಳಿದರೆಂದು ಸಂಗೀತಸುಧಾ ತಿಳಿಸುತ್ತದೆ" ಎನ್ನಬೇಕು. ಈ ಒಂದು ಕ್ರಿಯಾಪದದ ವ್ಯತ್ಯಾಸದಿಂದ ವಿದ್ಯಾರಣ್ಯರ ಗೌರವಕ್ಕೆ ಕಿಂಚಿತ್ತೂ ಕೊರತೆಯಾಗದು. ನಮ್ಮ ತಿಳಿವಳಿಕೆಯ ಅಳತೆ ಮಾತ್ರ ಸರಿಯಾಗುತ್ತದೆ.

ಎರಡನೆಯ ಹೆಸರು ಕಲ್ಲಿನಾಥನದು. ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ಬರೆದ 'ಸಂಗೀತರತ್ನಾಕರ'ವು ಏಳು ಅಧ್ಯಾಯಗಳ ಮಹಾಗ್ರಂಥ. ಅದಾದ ಸುಮಾರು ಎರಡು ಶತಮಾನಗಳ ಮೇಲೆ, ಹದಿನೈದನೆಯ ಶತಮಾನದ ನಡುವಣ ಕಾಲದಲ್ಲಿ, ವಿಜಯನಗರದ ರಾಜಾಶ್ರಯದಲ್ಲಿ ಕಲ್ಲಿನಾಥನು ಅದಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನವನ್ನು ಬರೆದನು. ಆ ಹೊತ್ತಿಗೆ ಹಾಡುವವರ ಪದ್ಧತಿ ಬಹಳ ಮಟ್ಟಿಗೆ ಬದಲಾಗಿತ್ತು. ಗ್ರಂಥದಲ್ಲಿ ಹೇಳಿದ್ದನ್ನು ಲಕ್ಷಣವೆನ್ನುತ್ತಾರೆ, ಪ್ರಯೋಗದಲ್ಲಿ ಕೇಳಿಬರುವುದನ್ನು ಲಕ್ಷ್ಯವೆನ್ನುತ್ತಾರೆ. ಇವೆರಡೂ ಬೇರೆ ಬೇರೆಯಾದಾಗ ವ್ಯಾಖ್ಯಾನಕಾರನು ಏನು ಮಾಡಬೇಕು? ಗ್ರಂಥವನ್ನು ಕಾಪಾಡಲು ಕಿವಿಯನ್ನು ಮುಚ್ಚಿಕೊಳ್ಳಬಹುದಿತ್ತು. ಅಥವಾ ಹಳೆಯ ಗ್ರಂಥ ನಿರುಪಯುಕ್ತವೆಂದು ಬದಿಗಿಡಬಹುದಿತ್ತು. ಕಲ್ಲಿನಾಥನು ಎರಡನ್ನೂ ಮಾಡಲಿಲ್ಲ. ಇಂತಿಂಥಲ್ಲಿ ಲಕ್ಷ್ಯಕ್ಕೂ ಲಕ್ಷಣಕ್ಕೂ ವಿರೋಧವಿದೆ ಎಂದು ಎತ್ತಿ ತೋರಿಸಿ, ದೇಶೀ ಸಂಗೀತವು ಜನರ ರುಚಿಯನ್ನು ಅನುಸರಿಸಿ ಬದಲಾಗುವಂಥದು ಎಂದು ಕಾರಣವನ್ನು ವಿವರಿಸಿದನು. ವಿರೋಧವನ್ನು ಮುಚ್ಚಿಡದೆ ದಾಖಲಿಸಿದ್ದರಿಂದಲೇ ಇಂದಿನ ವಿದ್ವಾಂಸರು ಆ ಎರಡು ಶತಮಾನಗಳ ಬದಲಾವಣೆಯನ್ನು ಗುರುತಿಸಲು ಸಾಧ್ಯವಾಗಿದೆ.

ಕಲ್ಲಿನಾಥನ ಮೊಮ್ಮಗನೆಂದು ಪ್ರಸಿದ್ಧನಾದ ರಾಮಾಮಾತ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಅಳಿಯ ರಾಮರಾಯನ ಆಸ್ಥಾನದಲ್ಲಿ 1550ರಲ್ಲಿ ಆತ ರಚಿಸಿದ 'ಸ್ವರಮೇಳಕಲಾನಿಧಿ' ಐದು ಪ್ರಕರಣಗಳ ಸಣ್ಣ ಗ್ರಂಥ. ಅದು ಹುಟ್ಟಿದ ಸಂದರ್ಭವನ್ನು ಅದರ ಪೀಠಿಕೆಯೇ ಹೇಳುತ್ತದೆ. ಸಂಗೀತಶಾಸ್ತ್ರದಲ್ಲಿ ಮತಭೇದಗಳು ತುಂಬಿವೆ, ಅವನ್ನು ಪರಿಹರಿಸಬಲ್ಲವನು ರಾಮಾಮಾತ್ಯನೇ ಎಂದು ರಾಮರಾಯನ ತಮ್ಮನಾದ ವೆಂಕಟಾದ್ರಿ ಬಿನ್ನವಿಸಿದನಂತೆ. ಇಂದಿನ ಭಾಷೆಯಲ್ಲಿ ಇದನ್ನು ಸಂಶೋಧನ ಸಮಸ್ಯೆಯ ನಿರೂಪಣೆ ಎನ್ನಬಹುದು! ಸಂಶೋಧನ ಪ್ರಸ್ತಾವದ ಮೊದಲ ಪುಟದಲ್ಲಿ ವಿದ್ಯಾರ್ಥಿಗಳು ತಿಣುಕಾಡಿ ಬರೆಯುವುದೂ ಇದನ್ನೇ.

ರಾಮಾಮಾತ್ಯನು ಶಾರ್ಙ್ಗದೇವನನ್ನು ಪೂಜ್ಯಭಾವದಿಂದಲೇ ಕಾಣುತ್ತಾನೆ. ಆದರೆ ಶಾರ್ಙ್ಗದೇವನು ಹೇಳಿದ 12 ವಿಕೃತ ಸ್ವರಗಳಲ್ಲಿ ಧ್ವನಿಯಿಂದ ಬೇರೆಯಾಗಿ ನಿಲ್ಲುವುವು ಏಳೇ, ಉಳಿದ ಐದು ಬೇರೆ ಸ್ವರಗಳೊಡನೆ ಒಂದಾಗಿಬಿಡುತ್ತವೆ ಎಂದು ನಿರ್ಣಯಿಸುತ್ತಾನೆ. ಹೀಗೆ ಶುದ್ಧ ಏಳು, ವಿಕೃತ ಏಳು, ಒಟ್ಟು 14 ಎಂಬುದು ಆತನ ಲೆಕ್ಕ. ನಿರ್ಣಯಕ್ಕೆ ಆಧಾರವಾದದ್ದು ಧ್ವನಿ. ಹೆಸರು ಎರಡಿದ್ದರೂ ಕೇಳಿಸುವುದು ಒಂದೇ ಆದರೆ ಎರಡೆಂದು ಎಣಿಸುವುದೇಕೆ ಎಂಬ ಸರಳವಾದ, ಆದರೆ ಧೈರ್ಯದ ವಿಚಾರ ಅದು. ವೀಣೆಯ ಮೆಟ್ಟಿಲುಗಳ ಮೇಲೆ ಸ್ವರಸ್ಥಾನಗಳನ್ನು ನಿಗದಿಪಡಿಸಲು ಆತ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಅಲ್ಲಿ ಹೇಳಿದ ವೀಣಾಭೇದಗಳಲ್ಲೊಂದು 'ಅಚ್ಯುತರಾಜೇಂದ್ರಮೇಳ ವೀಣೆ'. ಹಂಪಿಯ ಅಚ್ಯುತರಾಯನ ಗುಡಿಯನ್ನು ಕಂಡಿರುವ ನಮಗೆ, ಆ ದೊರೆಯ ಹೆಸರು ಒಂದು ವೀಣೆಗೂ ಇತ್ತೆಂದು ತಿಳಿದಾಗ ಆಗುವ ಸಂತೋಷವೇ ಬೇರೆ. ಗ್ರಂಥ ಮುಗಿದ ಹದಿನೈದೇ ವರ್ಷಗಳಲ್ಲಿ, 1565ರಲ್ಲಿ, ರಾಮರಾಯನು ರಣದಲ್ಲಿ ಮಡಿದು ನಗರ ಹಾಳಾಯಿತು. ಕಲ್ಲು ಕಟ್ಟಡಗಳು ಉರುಳಿದವು, ತಾಳೆಯೋಲೆ ಉಳಿಯಿತು. 1932ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯವು ಎಂ.ಎಸ್. ರಾಮಸ್ವಾಮಿ ಅಯ್ಯರ್ ಅವರ ಸಂಪಾದನೆಯಲ್ಲಿ ಅದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಗೋವಿಂದ ದೀಕ್ಷಿತರ ಮಗನಾದ ವೆಂಕಟಮಖಿಯು 'ಚತುರ್ದಂಡಿಪ್ರಕಾಶಿಕೆ'ಯಲ್ಲಿ ರಾಮಾಮಾತ್ಯನ 20 ಮೇಳಗಳ ವ್ಯವಸ್ಥೆಯನ್ನು ಕಟುವಾಗಿ ಖಂಡಿಸಿದನು. ತಾನು 72 ಮೇಳಗಳ ಗಣಿತವನ್ನು ಮುಂದಿಟ್ಟನು. ಕನ್ನಡ ಮೂಲದ ಮನೆತನದ ಈ ಪಂಡಿತನು ತಂಜಾವೂರಿನಲ್ಲಿ ಕುಳಿತು ವಿಜಯನಗರದ ಪಂಡಿತನೊಡನೆ ವಾದ ಹೂಡಿದ. ಮಾತಿನ ಕಟುತ್ವ ನಮಗೆ ರುಚಿಸದಿರಬಹುದು. ಆದರೆ ಗಮನಿಸಿ: ಖಂಡಿಸುವುದಕ್ಕಾದರೂ ರಾಮಾಮಾತ್ಯನನ್ನು ಆತ ಪೂರ್ತಿಯಾಗಿ ಓದಬೇಕಾಯಿತು. ಶಾರ್ಙ್ಗದೇವ, ಕಲ್ಲಿನಾಥ, ರಾಮಾಮಾತ್ಯ, ವೆಂಕಟಮಖಿ — ಪ್ರತಿಯೊಬ್ಬನೂ ಹಿಂದಿನವನನ್ನು ಪರೀಕ್ಷಿಸಿದ್ದಾನೆ. ಕರ್ನಾಟಕ ಸಂಗೀತದ ಶಾಸ್ತ್ರ ಬೆಳೆದದ್ದು ಈ ಪರೀಕ್ಷೆಯಿಂದ. ಪ್ರಶ್ನಿಸುವುದು ಶ್ರದ್ಧೆಗೆ ಕುಂದು ಎನ್ನುವುದಾದರೆ ಈ ನಾಲ್ವರಲ್ಲಿ ಮೂವರನ್ನು ಅಶ್ರದ್ಧರೆಂದು ಕರೆಯಬೇಕಾಗುತ್ತದೆ.

ಗ್ರಂಥದಿಂದ ಈಗ ಕಲ್ಲಿಗೆ ಬರೋಣ. ವಿಜಯವಿಠ್ಠಲ ದೇವಾಲಯದ ಮಹಾಮಂಟಪದ ನುಡಿಯುವ ಕಂಬಗಳನ್ನು ಕುರಿತು ನಮ್ಮಲ್ಲಿ ಎಷ್ಟು ಕಥೆಗಳಿವೆ! ಶಾಲಾ ಪ್ರವಾಸದಲ್ಲಿ ನಾನು ಕರೆದೊಯ್ದ ಮಕ್ಕಳು ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ಒಳಗೆ ಟೊಳ್ಳೇ ಸಾರ್?" ಎಂದು. ಬ್ರಿಟಿಷರು ಕಂಬಗಳನ್ನು ಕೊಯ್ದು ನೋಡಿದರೆಂಬ ಕಥೆಯನ್ನು ಮಾರ್ಗದರ್ಶಕರು ಹೇಳುತ್ತಲೇ ಬಂದಿದ್ದಾರೆ. ಕಲ್ಪಾಕ್ಕಮ್‌ನ ಇಂದಿರಾ ಗಾಂಧಿ ಅಣುಶಕ್ತಿ ಸಂಶೋಧನ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಯಾವ ಹಾನಿಯೂ ಆಗದಂತೆ, ಶ್ರವಣಾತೀತ ಧ್ವನಿಯೇ ಮೊದಲಾದ ವಿಧಾನಗಳಿಂದ ಅವನ್ನು ಪರೀಕ್ಷಿಸಿ 2008ರಲ್ಲಿ ಪ್ರಬಂಧ ಪ್ರಕಟಿಸಿದರು. ಕಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲು. ತಟ್ಟಿದಾಗ ಅವು ಬಾಗಿ ಕಂಪಿಸುವುದರಿಂದ ನಾದ ಹುಟ್ಟುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಕಂಬದ ಉದ್ದ, ದಪ್ಪ, ಆಕಾರ, ಕಲ್ಲಿನ ಗುಣ — ಇವುಗಳಿಗೆ ತಕ್ಕಂತೆ ನಾದ ಬೇರೆಯಾಗುತ್ತದೆ.

ಇಲ್ಲಿ ಸಂಗೀತದ ವಿದ್ಯಾರ್ಥಿ ಇನ್ನೊಂದು ಎಚ್ಚರವನ್ನೂ ಕಲಿಯಬಹುದು. ಆ ಅಧ್ಯಯನವು ಉತ್ತರಿಸಿದ್ದು "ಕಂಬ ಹೇಗೆ ನುಡಿಯುತ್ತದೆ" ಎಂಬ ಪ್ರಶ್ನೆಗೆ. "ಸ್ಥಪತಿಯು ಇಂಥ ಸ್ವರವೇ ಬರಲೆಂದು ಉದ್ದೇಶಿಸಿದ್ದನೆ, ಸೇವೆಯ ಕಾಲದಲ್ಲಿ ಅವನ್ನು ವಾದ್ಯದಂತೆ ನುಡಿಸುತ್ತಿದ್ದರೆ" ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಶಾಸನದಿಂದಲೋ ಗ್ರಂಥದಿಂದಲೋ ಸಾಕ್ಷ್ಯ ಬೇಕು. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದರ ಉತ್ತರವೆಂದು ಬಗೆಯದಿರುವುದು ಸಂಶೋಧನೆಯ ಮೊದಲ ಶಿಸ್ತು. ಈಗ ಕಂಬಗಳನ್ನು ತಟ್ಟುವುದಕ್ಕೆ ಅನುಮತಿಯಿಲ್ಲ. ಸಾವಿರಾರು ಕೈಗಳ ಪೆಟ್ಟಿನಿಂದ ಸವೆಯುತ್ತಿದ್ದ ಕಲ್ಲಿಗೆ ಅದು ಅವಶ್ಯವಾಗಿದ್ದ ರಕ್ಷಣೆ.

ಹೊರಗಿನವರ ಬರಹಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅರಮನೆಯ ನೃತ್ಯಶಾಲೆಯಲ್ಲಿ ನೃತ್ಯದ ಕೊನೆಯ ಭಂಗಿಗಳನ್ನು ಕೆತ್ತಿರಿಸಿದ್ದರು, ಮರೆತವರು ಅದನ್ನು ನೋಡಿ ನೆನಪು ಮಾಡಿಕೊಳ್ಳುತ್ತಿದ್ದರು ಎಂದು ಬರೆದಿದ್ದಾನೆ. ಅಮೂಲ್ಯವಾದ ಮಾತು. ಆದರೆ ಕಣ್ಣಿಗೆ ಕಂಡ ನೃತ್ಯವನ್ನು ಬಣ್ಣಿಸಬಲ್ಲ ಪರದೇಶಿಯಿಂದ, ಕಿವಿಗೆ ಬಿದ್ದ ರಾಗದ ಲಕ್ಷಣವನ್ನು ನಿರೀಕ್ಷಿಸಲಾಗದು. ಸಾಕ್ಷಿಯನ್ನು ನಂಬುವುದೆಂದರೆ ಆತನ ಮಿತಿಯನ್ನೂ ಅರಿತು ನಂಬುವುದು.

ನಮ್ಮೆಲ್ಲರಿಗೂ ಪೂಜ್ಯರಾದ ಪುರಂದರದಾಸರ ವಿಷಯದಲ್ಲಂತೂ ಈ ಎಚ್ಚರವನ್ನು ಪಾಲಿಸುವುದು ಹೃದಯಕ್ಕೆ ಕಷ್ಟ. ತುಂಗಭದ್ರೆಯ ದಂಡೆಯ ಪುರಂದರ ಮಂಟಪದಲ್ಲಿ ನಿಂತಾಗ ಯಾರಿಗೆ ತಾನೆ ಪ್ರಶ್ನೆ ಕೇಳುವ ಮನಸ್ಸಾದೀತು? ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆಗಳಿಂದ ಪಾಠ ಆರಂಭಿಸುವ ಕ್ರಮವನ್ನು ಹಾಕಿಕೊಟ್ಟವರು ದಾಸರೆಂಬುದು ದೃಢವಾದ ಸಂಪ್ರದಾಯ. 'ಕರ್ನಾಟಕ ಸಂಗೀತ ಪಿತಾಮಹ' ಎಂಬ ಬಿರುದು ಅದರಿಂದ ಬಂದದ್ದು. ಆದರೆ ದಾಸರ ಕಾಲದ ಸ್ವರಲಿಪಿ ನಮಗೆ ಉಳಿದಿಲ್ಲ. ಅವರ ಹಾಡುಗಳು ಭಕ್ತರ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಹರಿದು ಬಂದವು. ದಾಸರ ಪದಗಳ ಸಂಗ್ರಹವೊಂದನ್ನು ಅಚ್ಚಿಗೆ ತಂದವನು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್, 1850ರಲ್ಲಿ. ಮಾತು ಉಳಿಯಿತು, ಧಾಟಿ ಬಹುಮಟ್ಟಿಗೆ ಕಳೆದುಹೋಯಿತು. ಒಂದೇ ಪದವನ್ನು ನಾಲ್ಕು ರಾಗಗಳಲ್ಲಿ ಇಂದು ಕೇಳುತ್ತೇವೆ. ದಾಸರು ಹುಟ್ಟಿದ್ದು ಮಹಾರಾಷ್ಟ್ರದ ಪುರಂದರಗಡದಲ್ಲೋ ಮಲೆನಾಡಿನಲ್ಲೋ ಎಂಬ ವಿವಾದವನ್ನು ಕನ್ನಡ ವಿಶ್ವವಿದ್ಯಾಲಯದ ಮೂಲಕ ರಚಿತವಾದ ತಜ್ಞರ ಸಮಿತಿಯೊಂದು ಪರಿಶೀಲಿಸಿ, ತೀರ್ಥಹಳ್ಳಿಯ ಆರಗದ ಕಡೆಗೆ ಒಲವು ತೋರಿದ್ದು 2018ರಲ್ಲಿ. ಐದು ಶತಮಾನ ಕಳೆದ ಮೇಲೆ ನಡೆದ ಈ ವಿಚಾರಣೆಯಿಂದ ದಾಸರ ಹಾಡಿನ ಒಂದು ಅಕ್ಷರವೂ ಮುಕ್ಕಾಗಲಿಲ್ಲ ಎಂಬುದನ್ನು ನೆನೆಯಬೇಕು.

ಇದುವರೆಗೆ ಹೇಳಿದ್ದೆಲ್ಲ ಅರಮನೆ, ಗುಡಿ, ಗ್ರಂಥಗಳ ಮಾತು. ನನ್ನ ಮನಸ್ಸನ್ನು ಹೆಚ್ಚು ಕಾಡುವ ಸಂಗತಿ ಇವುಗಳಾಚೆ, ಕಂಪ್ಲಿ ಮತ್ತು ಸಂಡೂರಿನ ಕಡೆಗಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಹೊಸಪೇಟೆಯೂ ಹಂಪಿಯೂ ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಾಡಿಗೆ ಈ ಗಡಿ ತಿಳಿಯದು. 1327ರ ಸುಮಾರಿಗೆ ದೆಹಲಿಯ ಸೈನ್ಯದೆದುರು ಮಡಿದ ಕಂಪಿಲರಾಯನ ಮತ್ತು ಅವನ ಮಗ ಕುಮಾರರಾಮನ ಕಥೆ ಈ ಸೀಮೆಯ ಉದ್ದಗಲಕ್ಕೂ ಹಬ್ಬಿದೆ. ಕಂಪಿಲರಾಯನಿಂದಲೇ ಕಂಪ್ಲಿಗೆ ಹೆಸರು ಬಂತೆಂದು ಜನ ಹೇಳುವುದುಂಟು. ಆದರೆ ಹನ್ನೊಂದನೆಯ ಶತಮಾನದ ಚೋಳ ಶಾಸನಗಳಲ್ಲಿಯೇ ಕಂಪಿಲಿಯ ಹೆಸರಿದೆ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಹೇಳಿದನು. ಸಾಂಗತ್ಯವು ವಾದ್ಯದೊಡನೆ ಹಾಡಲು ಒದಗುವ ಛಂದಸ್ಸು. ನಾವೋ ಅದನ್ನು ತರಗತಿಯಲ್ಲಿ ಗದ್ಯದಂತೆ ಓದಿ ಅರ್ಥ ಬರೆಸಿ ಮುಗಿಸುತ್ತೇವೆ.

ಆದರೆ ಅದೇ ಕುಮಾರರಾಮನನ್ನು ಕಂಠದಲ್ಲಿಟ್ಟುಕೊಂಡಿದ್ದ ಒಬ್ಬ ತಾಯಿ ನಮ್ಮ ಕಾಲದಲ್ಲೇ ಇದ್ದರು. ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು ಬುಡ್ಗ ಜಂಗಮ ಸಮುದಾಯದವರು, ಅಕ್ಷರ ಕಲಿತವರಲ್ಲ. ತಂದೆಯಿಂದ ಬಾಲ್ಯದಲ್ಲೇ ಬುರ್ರಕಥೆಯನ್ನು ಕಲಿತು, ಹನ್ನೆರಡು ಮಹಾಕಥನಗಳನ್ನು ಹಾಡಬಲ್ಲವರಾಗಿದ್ದರು.  ತೆಲುಗು ನಾಡಿನ ಒಂದು ಕಲಾಪ್ರಕಾರವು ಕನ್ನಡದ ಬಾಯಲ್ಲಿ ಹೊಸ ಜೀವ ಪಡೆದದ್ದು ನಮ್ಮ ಗಡಿ ಸೀಮೆಯ ಭಾಗ್ಯ. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನಿತ್ತಿತು. ಅವರ ಕಥೆಗಳು ಅಚ್ಚಿಗೂ ಬಂದಿವೆ. 2014ರ ಆಗಸ್ಟ್‌ನಲ್ಲಿ ಈರಮ್ಮನವರು ತೀರಿಕೊಂಡರು.

ಈಗ ಸಂಗೀತದ ವಿದ್ಯಾರ್ಥಿಯಾಗಿ ಯೋಚಿಸಿ. ಅಚ್ಚಾದ ಪುಟದಲ್ಲಿ ಕಥೆ ಇದೆ, ಸಾಲು ಇದೆ. ಶೋಕದ ಎಡೆಯಲ್ಲಿ ಆಕೆ ಯಾವ ಸ್ವರದಲ್ಲಿ ನಿಲ್ಲುತ್ತಿದ್ದರು? ಯುದ್ಧದ ಎಡೆಯಲ್ಲಿ ತಾಳದ ನಡೆ ಹೇಗೆ ಬದಲಾಗುತ್ತಿತ್ತು? ಪಕ್ಕದಲ್ಲಿ ಚರ್ಮವಾದ್ಯ ಹಿಡಿದು ದನಿಗೂಡಿಸುವವರು ಯಾವಾಗ ಕಥೆಯನ್ನು ತಡೆದು, ಯಾವಾಗ ಮುಂದಕ್ಕೆ ನೂಕುತ್ತಿದ್ದರು? ಇಷ್ಟು ದೊಡ್ಡ ಕಥನವನ್ನು ನೆನಪಿಡಲು ರಾಗವೇ ಏಣಿಯಾಗಿತ್ತೆ? ಇವು ಸಾಹಿತ್ಯದವರು ಕೇಳುವ ಪ್ರಶ್ನೆಗಳಲ್ಲ, ಸಂಗೀತದವರು ಕೇಳಬೇಕಾದವು. ಧ್ವನಿಮುದ್ರಣ ಇರುವಷ್ಟು ಉತ್ತರ ದೊರೆತೀತು. ಆಕೆಯನ್ನೇ ಎದುರಿಗೆ ಕೂರಿಸಿಕೊಂಡು ಕೇಳುವ ಕಾಲ ಮುಗಿದುಹೋಯಿತು. ಕಲ್ಲಿನಾಥನ ಗ್ರಂಥವನ್ನು ಇನ್ನು ನೂರು ವರ್ಷ ಬಿಟ್ಟು ಓದಿದರೂ ಅದು ಅಲ್ಲೇ ಇರುತ್ತದೆ. ಕಂಠ ಹಾಗಲ್ಲ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ದೊರೆತು ದೇಶಾಂತರಗಳಲ್ಲಿ ಹೆಸರಾಗಿದೆ. ಆ ತಾಂಡಾಗಳ ಹೆಂಗಸರು ಮದುವೆಯಲ್ಲಿ, ಹಬ್ಬದಲ್ಲಿ ಹಾಡುವ ಹಾಡುಗಳಿಗೆ ಅಂಥ ಮುದ್ರೆ ಯಾವುದೂ ಇಲ್ಲ. ಅವರ ನುಡಿಗೆ ತನ್ನದೇ ಲಿಪಿ ಇಲ್ಲದ್ದರಿಂದ ಹಾಡು ಬಾಯಲ್ಲಿಯೇ ಬದುಕಬೇಕು. ಶಾಸ್ತ್ರೀಯ ಸಂಗೀತ ಕಲಿತವರಿಗೆ ಅಲ್ಲಿ ರಾಗದ ಹೆಸರನ್ನು ಹುಡುಕುವ ಆತುರ ಸಹಜವಾಗಿ ಬರುತ್ತದೆ. ಯಾವುದೋ ಜಾನಪದ ಧಾಟಿಗೆ ಪುಸ್ತಕದ ರಾಗವನ್ನು ಅಂಟಿಸಿ ಪ್ರಬಂಧ ಮುಗಿಸುವುದು ಸುಲಭ. ಹಾಗೆ ಮಾಡಿದರೆ ನಾವು ಲಕ್ಷಣಕ್ಕಾಗಿ ಲಕ್ಷ್ಯವನ್ನು ಬಲಿಗೊಟ್ಟಂತೆ. ಮೊದಲು ಕೇಳಬೇಕು, ಹಾಡಿದವರ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಬೇಕು, ಅವರು ತಮ್ಮ ಹಾಡಿನ ಭಾಗಗಳನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಬರೆದುಕೊಳ್ಳಬೇಕು, ಊರು ಮತ್ತು ದಿನಾಂಕವನ್ನು ನಮೂದಿಸಬೇಕು. ನಮ್ಮ ಹೆಸರುಗಳು ಆ ಮೇಲೆ ಬರಲಿ.

ಪತ್ರ ಬರೆದ ಆ ಹುಡುಗಿಗೂ, ಇದೇ ದಾರಿಯಲ್ಲಿರುವ ಇತರರಿಗೂ ಒಂದು ಸಲಹೆಯಿದೆ. ನಿಮ್ಮ ಪ್ರಬಂಧದ ವಿಷಯ ಯಾವುದೇ ಇರಲಿ, ಮೊದಲ ಆರು ತಿಂಗಳಲ್ಲಿ ಎರಡು ಕೆಲಸ ಮಾಡಿ. ಒಂದು, ನೀವು ಬಾಲ್ಯದಿಂದ ನಿಜವೆಂದು ನಂಬಿರುವ ಹತ್ತು ಸಂಗೀತದ ಹೇಳಿಕೆಗಳನ್ನು ಬರೆದು, ಪ್ರತಿಯೊಂದರ ಮುಂದೆ ಅದು ಗ್ರಂಥದಿಂದ ತಿಳಿದದ್ದೋ, ಶಾಸನದಿಂದಲೋ, ಅಳತೆಯಿಂದಲೋ, ಗುರುಮುಖದಿಂದಲೋ ಎಂದು ಗುರುತಿಸಿ. ಗುರುಮುಖದಿಂದ ಬಂದುದು ಕೀಳಲ್ಲ. ಆದರೆ ಅದು ಅಲ್ಲಿಂದ ಬಂತೆಂದು ತಿಳಿದಿರಬೇಕು. ಎರಡು, ನಿಮ್ಮ ಊರಿನಲ್ಲಿ ಎಪ್ಪತ್ತು ದಾಟಿದ ಹಾಡುಗಾರರು, ಭಜನೆಯವರು, ಬಯಲಾಟದ ಭಾಗವತರು, ಸೋಬಾನೆ ಹೇಳುವ ಅಜ್ಜಿಯರು ಯಾರು ಯಾರಿದ್ದಾರೆಂದು ಪಟ್ಟಿ ಮಾಡಿ. ಗ್ರಂಥಾಲಯಕ್ಕೆ ಹೋಗುವ ಮೊದಲು ಅವರ ಮನೆಗೆ ಹೋಗಿ. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಧ್ವನಿ ಹಿಡಿಯುವ ಯಂತ್ರವಿದೆ. ರಾಮಾಮಾತ್ಯನಿಗೆ ಆ ಸೌಕರ್ಯ ಇರಲಿಲ್ಲ.

ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಹಳೆಯ ಹಾಡಿನ ಪುಸ್ತಕ, ಕ್ಯಾಸೆಟ್ಟು ಇದ್ದರೆ ದಯವಿಟ್ಟು ಎಸೆಯಬೇಡಿ. ಅದರ ಮೇಲೆ ಹಾಡಿದವರ ಹೆಸರು, ಊರು, ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿಡಿ. ನೆನಪಿರುವವರು ಇರುವಾಗಲೇ ಆ ಚೀಟಿಯನ್ನು ಬರೆಯಬೇಕು.